ಮೂರೂವರೆ ವರ್ಷದ ಕುರ್ಚಿ: ಮದರಾಸು ಶಾಸನ ಪರಿಷತ್ತಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿ

1926ರ ಚುನಾವಣೆಯಲ್ಲಿ ಮದರಾಸು ಶಾಸನ ಪರಿಷತ್ತಿಗೆ ಮಂಗಳೂರಿನಿಂದ ಕಮಲಾದೇವಿ ಚಟ್ಟೋಪಾಧ್ಯಾಯ ಸ್ಪರ್ಧಿಸಿದರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಹೆಂಗಸರೂ ಸದಸ್ಯರಾಗಬಹುದು ಎಂಬ ನಿಯಮ ಆಗಷ್ಟೇ ಬಂದಿತ್ತು. ಕಮಲಾದೇವಿ ಅಲ್ಪ ಮತಗಳಿಂದ ಸೋತರು. ಹೀಗಾಗಿ ಆ ಸದನದಲ್ಲಿ ಕುಳಿತ ಮೊದಲ ಮಹಿಳೆ ಯಾರ ಮನೆಯ ಬಾಗಿಲಿಗೂ ಮತ ಕೇಳಲು ಹೋಗದೆ ಬಂದವರು. ಅಡ್ಯಾರಿನ ಮಹಿಳಾ ಸಂಘ ಹೆಸರು ಸೂಚಿಸಿತು, ಸರ್ಕಾರ ನಾಮಕರಣ ಮಾಡಿತು. ವೈದ್ಯವೃತ್ತಿ ಬಿಟ್ಟು ಬರಲು ಆಕೆಗೆ ಮೊದಲು ಮನಸ್ಸೇ ಇರಲಿಲ್ಲ.

ಆಕೆ ಡಾ. ಮುತ್ತುಲಕ್ಷ್ಮಿ ರೆಡ್ಡಿ. ಬ್ರಿಟಿಷ್ ಭಾರತದ ಮೊದಲ ಶಾಸಕಿ ಎಂದು ಸಾಮಾನ್ಯಜ್ಞಾನದ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಮೊದಲಿಗರಾಗಿದ್ದು ದೊಡ್ಡದೇ, ಆದರೆ ನನ್ನ ಆಸಕ್ತಿ ಬೇರೆ ಕಡೆಗಿದೆ. ಪಕ್ಷವಿಲ್ಲದ, ಕ್ಷೇತ್ರವಿಲ್ಲದ, ಬೆನ್ನಿಗೆ ಒಬ್ಬ ಮತದಾರನೂ ಇಲ್ಲದ ಸದಸ್ಯೆಯೊಬ್ಬರು 132 ಮಂದಿಯ ಸದನದಲ್ಲಿ ಏನು ಮಾಡಲು ಸಾಧ್ಯವಾಯಿತು, ಎಲ್ಲಿ ನಿಂತುಹೋಯಿತು, ಮತ್ತು ಯಾರ ಪರವಾಗಿ ಮಾತನಾಡುತ್ತೇನೆ ಎಂದರೋ ಅದೇ ಹೆಂಗಸರು ಏಕೆ ಅವರ ವಿರುದ್ಧ ಅರ್ಜಿ ಬರೆದರು ಎಂಬುದನ್ನು ಈ ಪ್ರಕರಣದಲ್ಲಿ ನೋಡಬೇಕಾಗಿದೆ.

ಪುದುಕ್ಕೋಟ್ಟೈನಿಂದ ಮದರಾಸಿಗೆ

1886ರ ಜುಲೈ 30ರಂದು ಪುದುಕ್ಕೋಟ್ಟೈ ಸಂಸ್ಥಾನದಲ್ಲಿ ಹುಟ್ಟಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಆಕೆಯನ್ನು ಕೈಹಿಡಿದ ಕಾರಣಕ್ಕೆ ಅಯ್ಯರ್ ಅವರನ್ನು ಬಂಧುಗಳು ದೂರವಿಟ್ಟರು. ಮಗಳ ಮುಂದಿನ ರಾಜಕೀಯಕ್ಕೆಲ್ಲ ಈ ಮನೆಯೇ ಮೂಲ.

ಹುಡುಗಿ ಮೆಟ್ರಿಕ್ಯುಲೇಷನ್ ಮುಗಿಸಿ ಗಂಡುಹುಡುಗರ ಕಾಲೇಜಿಗೆ ಅರ್ಜಿ ಹಾಕಿದಾಗ ಊರೇ ಗದ್ದಲ ಎಬ್ಬಿಸಿತು. ಕೊನೆಗೆ ಮಾರ್ತಾಂಡ ಭೈರವ ತೊಂಡೈಮಾನ್ ಮಹಾರಾಜರೇ ಅನುಮತಿ ಕೊಡಬೇಕಾಯಿತು. 1907ರಲ್ಲಿ ಮದರಾಸು ಮೆಡಿಕಲ್ ಕಾಲೇಜು, 1912ರಲ್ಲಿ ಪದಕಗಳೊಂದಿಗೆ ಪದವಿ, ಆಮೇಲೆ ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾಗುವ ಮುನ್ನ ಒಂದು ಕರಾರು ಹಾಕಿದರು: ನನ್ನನ್ನು ಸಮಾನಳೆಂದು ಕಾಣಬೇಕು, ನನ್ನ ಇಚ್ಛೆಗೆ ಅಡ್ಡ ಬರಬಾರದು. ಮದುವೆ ನಡೆದದ್ದು 1872ರ ವಿವಾಹ ಕಾಯ್ದೆಯಡಿಯಲ್ಲಿ. ನಿಯಮವನ್ನು ಮೊದಲೇ ಮಾತಿನಲ್ಲಿ ಕಟ್ಟಿಹಾಕುವ ಈ ಅಭ್ಯಾಸ ಮುಂದೆ ಮಸೂದೆ ಬರೆಯುವಾಗಲೂ ಕಾಣುತ್ತದೆ.

1925ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಉನ್ನತ ತರಬೇತಿಗಾಗಿ ಇಂಗ್ಲೆಂಡಿಗೆ ಹೋದರು. ಮರಳಿ ಬಂದಾಗ ಶಾಸನ ಪರಿಷತ್ತಿನ ಕರೆ ಕಾದಿತ್ತು.

ಸದನದ ಲೆಕ್ಕಾಚಾರ

ಮದರಾಸು ಪ್ರಾಂತ್ಯ 1921ರಲ್ಲೇ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟಿತ್ತು. ಹಕ್ಕು ಎಂದರೆ ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ. ಹೆಂಗಸರ ಹೆಸರಿನಲ್ಲಿ ಆಸ್ತಿಯೇ ಇಲ್ಲದ ಸಮಾಜದಲ್ಲಿ ಇದರ ಅರ್ಥ ಎಷ್ಟೆಂದು ಊಹಿಸಬಹುದು. ಶಿಕ್ಷಣ, ಆರೋಗ್ಯದಂಥ ಇಲಾಖೆಗಳು ಮಂತ್ರಿಗಳ ಕೈಯಲ್ಲಿದ್ದವು. ಹಣಕಾಸು, ಪೊಲೀಸ್ ಗವರ್ನರ್ ಕಡೆಯವರ ಕೈಯಲ್ಲಿದ್ದವು.

132 ಸದಸ್ಯರಲ್ಲಿ 98 ಮಂದಿ ಚುನಾಯಿತರು. 1926ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗರ ಸ್ವರಾಜ್ಯ ಪಕ್ಷಕ್ಕೆ 41, ಬ್ರಾಹ್ಮಣೇತರರ ಜಸ್ಟಿಸ್ ಪಕ್ಷಕ್ಕೆ 21 ಸ್ಥಾನ ಬಂದವು; ಉಳಿದ 36 ಮಂದಿ ಪಕ್ಷೇತರರು. ದೊಡ್ಡ ಪಕ್ಷವಾದ ಸ್ವರಾಜ್ಯದವರು ಮಂತ್ರಿಗಿರಿ ಬೇಡವೆಂದರು. ಪಕ್ಷೇತರರಾದ ಪಿ. ಸುಬ್ಬರಾಯನ್ ಮುಖ್ಯಮಂತ್ರಿಯಾದರು. ಯಾರಿಗೂ ಬಹುಮತವಿಲ್ಲದ ಇಂಥ ಸದನದಲ್ಲಿ ನಾಮಕರಣದ ಸದಸ್ಯರ ಮಾತಿಗೂ ತೂಕ ಬರುತ್ತದೆ. ಮುತ್ತುಲಕ್ಷ್ಮಿಯವರನ್ನು ಸದನ ಸರ್ವಾನುಮತದಿಂದ ಉಪಾಧ್ಯಕ್ಷೆಯನ್ನಾಗಿ ಆರಿಸಿತು. ಶಾಸನಸಭೆಯೊಂದರ ಉಪಾಧ್ಯಕ್ಷ ಪೀಠದಲ್ಲಿ ಹೆಣ್ಣೊಬ್ಬಳು ಕುಳಿತದ್ದು ಲೋಕಕ್ಕೇ ಹೊಸತು ಎಂದು ಆಗಿನವರು ಹೊಗಳಿದರು. ಇದು ಹೆಣ್ಣಿನ ಮೇಲಿನ ಗೌರವ ಮಾತ್ರ ಎಂದು ನಾನು ನಂಬುವುದಿಲ್ಲ. ಮೂರು ಬಣಗಳಾಗಿ ಒಡೆದ ಸದನಕ್ಕೆ ಯಾವ ಬಣಕ್ಕೂ ಸೇರದ ವೈದ್ಯೆಯೊಬ್ಬರು ಎಲ್ಲರಿಗೂ ಅನುಕೂಲದ ಆಯ್ಕೆಯಾಗಿದ್ದಿರಬೇಕು.

ದೊಡ್ಡವರು ಕೊಟ್ಟ ಅಲಂಕಾರದ ಕುರ್ಚಿಯಲ್ಲಿ ಸುಮ್ಮನೆ ಕುಳಿತು ಎದ್ದು ಬರುವುದು ಸುಲಭವಿತ್ತು. ಆಕೆ ಹೆಣ್ಣುಮಕ್ಕಳ ಶಾಲೆ, ಹೆರಿಗೆ ಆಸ್ಪತ್ರೆ, ಮದುವೆಯ ವಯಸ್ಸು ಎಂದು ಒಂದಾದ ಮೇಲೊಂದು ವಿಷಯ ಎತ್ತುತ್ತಲೇ ಹೋದರು. ಆದರೆ ಪ್ರಕರಣದ ತಿರುಳು ದೇವದಾಸಿ ಪದ್ಧತಿಯ ಪ್ರಶ್ನೆ.

ಜಮೀನಿನ ಗಂಟು

1927ರ ನವೆಂಬರ್‌ನಲ್ಲಿ ಅವರು ಒಂದು ನಿರ್ಣಯ ಮಂಡಿಸಿದರು: ಹಿಂದೂ ದೇವಸ್ಥಾನಗಳಿಗೆ ಹೆಣ್ಣುಮಕ್ಕಳನ್ನು ಅರ್ಪಿಸುವುದನ್ನು ನಿಲ್ಲಿಸಲು ಶಾಸನ ಬರಬೇಕು. ತಮಿಳಿನಲ್ಲಿ ಇದಕ್ಕೆ ಪೊಟ್ಟು ಕಟ್ಟುವುದು ಎನ್ನುತ್ತಾರೆ. ನಮ್ಮ ಕಡೆ ಮುತ್ತು ಕಟ್ಟುವುದು. ಬಳ್ಳಾರಿಯ ಬಸವಿ ಪದ್ಧತಿ ಇದರ ಇನ್ನೊಂದು ಮುಖ, ಮತ್ತು ಬಳ್ಳಾರಿಯೂ ಆಗ ಮದರಾಸು ಪ್ರಾಂತ್ಯದಲ್ಲೇ ಇತ್ತು. ಪಕ್ಕದ ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದ್ದು ಅವರಿಗೆ ಒಳ್ಳೆಯ ಮೇಲ್ಪಂಕ್ತಿಯಾಯಿತು. ಹಿಂದೂ ಅರಸರ ರಾಜ್ಯಕ್ಕೆ ಧರ್ಮ ಕೆಡದೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಿಲ್ಲ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ನಿರ್ಣಯ ಅಂಗೀಕಾರವಾಯಿತು. ಆದರೆ ನಿರ್ಣಯವೆಂದರೆ ಸರ್ಕಾರಕ್ಕೆ ಮಾಡುವ ಶಿಫಾರಸು, ಅಷ್ಟೇ. ಸರ್ಕಾರದ ಬಳಿ ಸಿದ್ಧ ಉತ್ತರವೊಂದಿತ್ತು: ದಂಡಸಂಹಿತೆಯ 372 ಮತ್ತು 373ನೇ ಕಲಮುಗಳು ಇವೆಯಲ್ಲ, ಅಪ್ರಾಪ್ತ ಹುಡುಗಿಯರನ್ನು ವೇಶ್ಯಾವೃತ್ತಿಗೆ ಮಾರುವುದು, ಕೊಳ್ಳುವುದು ಈಗಾಗಲೇ ಅಪರಾಧ. ಕಾಗದದ ಮೇಲೆ ಸರಿ. ಗರ್ಭಗುಡಿಯ ಮುಂದೆ ಮಂಗಳವಾದ್ಯದೊಂದಿಗೆ ನಡೆಯುವ ಒಂದು ವಿಧಿಯ ಹಿಂದೆ ಆ ಉದ್ದೇಶವೇ ಇತ್ತು ಎಂದು ನ್ಯಾಯಾಲಯದಲ್ಲಿ ಸಾಬೀತು ಮಾಡುವವರಾರು? ಸಾಕ್ಷಿ ಹೇಳಬೇಕಾದವರು ಹುಡುಗಿಯ ಅಜ್ಜಿ, ಪೂಜಾರಿ, ಧರ್ಮದರ್ಶಿ.

ಮುತ್ತುಲಕ್ಷ್ಮಿ ಇಲ್ಲಿ ಹಿಡಿದ ದಾರಿ ನನಗೆ ಈ ಪ್ರಕರಣದ ಅತ್ಯಂತ ಜಾಣತನದ ಭಾಗವಾಗಿ ಕಾಣುತ್ತದೆ. ಪದ್ಧತಿಯನ್ನೇ ನಿಷೇಧಿಸುವ ಮಸೂದೆಯನ್ನು ಅವರು ಮೊದಲು ತರಲಿಲ್ಲ. ಅದನ್ನು ಹಿಡಿದು ನಿಲ್ಲಿಸಿದ್ದು ಏನು ಎಂದು ನೋಡಿದರು. ದೇವದಾಸಿಗೆ ದೇವಸ್ಥಾನದಿಂದ ಇನಾಂ ಜಮೀನಿರುತ್ತಿತ್ತು. ಆರತಿ, ಹಾಡು, ಕುಣಿತದ ಸೇವೆ ನಡೆಯುವವರೆಗೆ ಜಮೀನು ಅವಳದು. ಅವಳ ನಂತರ ಸೇವೆ ಮುಂದುವರಿಯಬೇಕಾದರೆ ಹೊಟ್ಟೆಯ ಮಗಳನ್ನೋ ದತ್ತು ಮಗಳನ್ನೋ ಅರ್ಪಿಸಲೇಬೇಕು. ಇಲ್ಲದಿದ್ದರೆ ಜಮೀನು ಹೋಯಿತು. ಮುಂದಿನ ಹುಡುಗಿಯ ಕೊರಳಿಗೆ ತಾಳಿ ಕಟ್ಟಿಸುತ್ತಿದ್ದದ್ದು ಭಕ್ತಿಗಿಂತ ಹೆಚ್ಚಾಗಿ ಮನೆಯವರೆಲ್ಲರ ಅನ್ನ.

ಆದ್ದರಿಂದ ಅವರ ಮಸೂದೆ ದಂಡಸಂಹಿತೆಯ ತಂಟೆಗೇ ಹೋಗಲಿಲ್ಲ. ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯೊಳಗೆ ಒಂದು ತಿದ್ದುಪಡಿಯಾಗಿ ಕುಳಿತಿತು. ದೇವದಾಸಿಯರ ಇನಾಂ ಜಮೀನುಗಳನ್ನು ಸೇವೆಯ ಹೊಣೆಯಿಂದ ಬಿಡುಗಡೆ ಮಾಡಬೇಕು, ನಿಗದಿಯಾದ ಕಂದಾಯ ಕಟ್ಟಿಕೊಂಡು ಅವರು ಜಮೀನನ್ನು ತಮ್ಮದಾಗಿಯೇ ಉಳಿಸಿಕೊಳ್ಳಬೇಕು. ಯಾರನ್ನೂ ಜೈಲಿಗೆ ಕಳಿಸುವ ಮಾತಿಲ್ಲ, ಯಾರ ಅನ್ನವನ್ನೂ ಕಸಿಯುವುದಿಲ್ಲ, ಮಗಳನ್ನು ಅರ್ಪಿಸಬೇಕಾದ ಒತ್ತಾಯ ಮಾತ್ರ ತಪ್ಪುತ್ತದೆ. 1929ರಲ್ಲಿ ಇದು ಕಾಯ್ದೆಯಾಯಿತು. ಪಕ್ಷದ ಬಲವಿಲ್ಲದ ಸದಸ್ಯೆಯೊಬ್ಬರ ಖಾಸಗಿ ಮಸೂದೆ ಆ ಕಾಲದಲ್ಲಿ ಕಾನೂನಾಗಿ ಹೊರಬಂದದ್ದು ಸಣ್ಣ ಮಾತಲ್ಲ.

ವಿರೋಧ ಬರದಿರಲಿಲ್ಲ. ಸದನದಲ್ಲಿ ಮುಂದೆ ನಿಂತು ವಿರೋಧಿಸಿದವರು ಸ್ವರಾಜ್ಯ ಪಕ್ಷದ ಎಸ್. ಸತ್ಯಮೂರ್ತಿ. ದೇವಸ್ಥಾನದ ಆಚಾರಕ್ಕೆ ಶಾಸನಸಭೆ ಕೈಹಾಕಬಾರದು, ಹಾಕಿದರೆ ಸಂಗೀತ ನೃತ್ಯಗಳ ಪರಂಪರೆಯೇ ಅಳಿಯುತ್ತದೆ ಎಂಬುದು ಅವರ ವಾದ. ವಿಚಿತ್ರವೆಂದರೆ ಅವರೂ ಪುದುಕ್ಕೋಟ್ಟೈ ಸಂಸ್ಥಾನದವರು, ತಿರುಮಯಂನಲ್ಲಿ ಹುಟ್ಟಿದವರು, ಮುತ್ತುಲಕ್ಷ್ಮಿಗಿಂತ ಒಂದು ವರ್ಷ ಚಿಕ್ಕವರು. ಒಂದೇ ಸಣ್ಣ ಸಂಸ್ಥಾನದಿಂದ ಬಂದ ಇಬ್ಬರು, ಒಬ್ಬರಿಗೆ ಅದು ಕಲೆಯ ಪರಂಪರೆ, ಇನ್ನೊಬ್ಬರಿಗೆ ತಾಯಿಯ ಮನೆ. ಸತ್ಯಮೂರ್ತಿಯವರಿಗೆ ಮುತ್ತುಲಕ್ಷ್ಮಿ ಕೊಟ್ಟರೆನ್ನಲಾದ ಖಾರದ ಉತ್ತರವೊಂದು ಇಂದಿಗೂ ಸುತ್ತುತ್ತಿರುತ್ತದೆ. ಅದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೂಪ ತಾಳುವುದರಿಂದ ಇಲ್ಲಿ ಬರೆಯುವುದಿಲ್ಲ. ಜಮೀನಿನ ವಿಷಯದಲ್ಲಿ ಆಕೆ ಹೆಣೆದ ವಾದಕ್ಕೆ ಆ ಚಾಟಿಮಾತಿನ ನೆರವು ಬೇಕಾಗಿಯೂ ಇರಲಿಲ್ಲ.

ನಾಗರತ್ನಮ್ಮನವರ ತಕರಾರು

ಸತ್ಯಮೂರ್ತಿಯವರಿಗೆ ಉತ್ತರ ಹೇಳುವುದು ಸುಲಭ. ಬೆಂಗಳೂರು ನಾಗರತ್ನಮ್ಮನವರಿಗೆ ಹೇಳುವುದು ಕಷ್ಟ.

ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಮೈಸೂರು, ಬೆಂಗಳೂರುಗಳಲ್ಲಿ ಹೆಸರು ಮಾಡಿ, ಮದರಾಸಿನಲ್ಲಿ ನೆಲೆಸಿದ ಗಾಯಕಿ ಇವರು. ತಿರುವೈಯಾರಿನಲ್ಲಿ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯನ್ನು ತಮ್ಮ ಸಂಪಾದನೆಯಿಂದ ಕಟ್ಟಿಸಿದವರು. ಮದರಾಸು ಪ್ರಾಂತ್ಯದ ದೇವದಾಸಿಯರ ಸಂಘಕ್ಕೆ ಮುಂದಾಳಾಗಿ ಅವರು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ದೇವದಾಸಿ ಬೇರೆ, ವೇಶ್ಯೆ ಬೇರೆ; ನಮ್ಮಲ್ಲಿ ತಪ್ಪುದಾರಿ ಹಿಡಿದವರಿದ್ದರೆ ಅದಕ್ಕಾಗಿ ಕುಲವನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಬೇಡಿ; ನಮಗೆ ವಿದ್ಯೆ ಕೊಡಿ, ನಾವೇ ಎದ್ದು ನಿಲ್ಲುತ್ತೇವೆ ಎಂಬುದು ಆ ಮನವಿಗಳ ಸಾರ.

ಇದನ್ನು ಪಟ್ಟಭದ್ರರ ಕೂಗು ಎಂದು ತಳ್ಳಿಹಾಕುವುದು ಆಗಲೂ ನಡೆಯಿತು, ಈಗಲೂ ನಡೆಯುತ್ತದೆ. ಆದರೆ ಒಂದು ಸಂಗತಿ ಯೋಚಿಸಬೇಕು. ಆ ಕಾಲದ ಹಿಂದೂ ಮನೆಗಳಲ್ಲಿ ಆಸ್ತಿಯ ಹಕ್ಕು, ದತ್ತು ತೆಗೆದುಕೊಳ್ಳುವ ಹಕ್ಕು, ಓದು ಬರಹ, ತಾನು ದುಡಿದದ್ದು ತನ್ನದೇ ಎನ್ನುವ ಧೈರ್ಯ ಇದ್ದ ಹೆಂಗಸು ಯಾರು ಎಂದರೆ ಬೆರಳು ಮೊದಲು ತೋರಿಸುತ್ತಿದ್ದದ್ದು ದೇವದಾಸಿಯನ್ನೇ. ಗರತಿಯರಿಗೆ ಇಲ್ಲದ್ದನ್ನು ಅವಳಿಂದ ಕಿತ್ತುಕೊಂಡು ಅವಳನ್ನು ಗರತಿಯನ್ನಾಗಿ ಮಾಡುವುದನ್ನು ಉದ್ಧಾರ ಎನ್ನಬಹುದೇ? ಸೇವೆಯ ಹೊಣೆ ಕಳಚಿದ ಇನಾಂ ಜಮೀನು ಎಲ್ಲರ ಮನೆಯ ಆಸ್ತಿಯಂತಾಯಿತು. ಕಾಲಕ್ರಮದಲ್ಲಿ ಅಣ್ಣತಮ್ಮಂದಿರೂ ಪಾಲು ಕೇಳುವಂತಾಯಿತು. ಮುತ್ತುಲಕ್ಷ್ಮಿ ಜಾಣತನದಿಂದ ಬಿಚ್ಚಿದ ಗಂಟಿನ ಇನ್ನೊಂದು ತುದಿ ಇದು.

ಮುತ್ತುಲಕ್ಷ್ಮಿ ಮಾತನಾಡುತ್ತಿದ್ದದ್ದು ಯಾರ ಬಗ್ಗೆ ಎಂಬುದನ್ನೂ ಮರೆಯಬಾರದು. ನಾಗರತ್ನಮ್ಮನವರಂಥವರು ಬೆರಳೆಣಿಕೆಯಷ್ಟು. ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ವೈದ್ಯೆಯ ಮುಂದೆ ಬಂದು ನಿಲ್ಲುತ್ತಿದ್ದವಳು ಸಂಗೀತ ಬಾರದ, ಜಮೀನಿಲ್ಲದ, ಗುಹ್ಯರೋಗ ಹತ್ತಿಸಿಕೊಂಡ ಎಳೆಯ ಹುಡುಗಿ. ಅವಳಿಗೆ ಸಂಘವಿರಲಿಲ್ಲ, ಅರ್ಜಿ ಬರೆಯುವವರಿರಲಿಲ್ಲ. ಅದೇ ಸಮುದಾಯದಿಂದ ಬಂದು ಪದ್ಧತಿಯ ವಿರುದ್ಧ ಊರೂರು ತಿರುಗಿದ ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಅವರಂಥವರೂ ಇದ್ದರು. ಆದ್ದರಿಂದ ದೇವದಾಸಿಯರೆಲ್ಲ ಮುತ್ತುಲಕ್ಷ್ಮಿಯವರನ್ನು ವಿರೋಧಿಸಿದರು ಎನ್ನುವುದೂ ತಪ್ಪು, ಎಲ್ಲರೂ ಹರಸಿದರು ಎನ್ನುವುದೂ ತಪ್ಪು.

ಅವರ ಹಟ ಎಲ್ಲಿ ಅತಿಯಾಯಿತು ಎಂಬುದಕ್ಕೆ 1932ರ ಕೊನೆಯ ಪತ್ರಸಮರ ಸಾಕ್ಷಿ. ಹೊಸ ಮುಖ್ಯಮಂತ್ರಿ ಬೊಬ್ಬಿಲಿ ರಾಜರ ಗೌರವಾರ್ಥ ನಡೆದ ಸಮಾರಂಭದಲ್ಲಿ ನಾಟ್ಯ ಏರ್ಪಾಡಾಗಿದ್ದನ್ನು ಮುತ್ತುಲಕ್ಷ್ಮಿ ಪತ್ರಿಕೆಯಲ್ಲಿ ಖಂಡಿಸಿದರು. ವಕೀಲರೂ ಕಲಾಪ್ರೇಮಿಯೂ ಆಗಿದ್ದ ಇ. ಕೃಷ್ಣ ಅಯ್ಯರ್ ಉತ್ತರ ಬರೆದರು: ಅರ್ಪಣೆಯನ್ನು ತೆಗೆಯಿರಿ, ನಾಟ್ಯವನ್ನು ಉಳಿಸಿ. ಕುಣಿತವನ್ನೂ ಕುಣಿಯುವವಳ ದುಃಸ್ಥಿತಿಯನ್ನೂ ಬೇರೆ ಮಾಡಿ ನೋಡಲು ಮುತ್ತುಲಕ್ಷ್ಮಿ ಒಪ್ಪಲಿಲ್ಲ. ಮೂರೇ ವರ್ಷಗಳಲ್ಲಿ, 1935ರಲ್ಲಿ, ಅದೇ ಅಡ್ಯಾರಿನಲ್ಲಿ ಬ್ರಾಹ್ಮಣ ಮನೆತನದ ರುಕ್ಮಿಣಿದೇವಿ ಆ ನಾಟ್ಯವನ್ನು ಆಡಲು ವೇದಿಕೆಯೇರಿದರು. ಕಲೆ ಉಳಿಯಿತು, ತಲೆಮಾರುಗಳಿಂದ ಅದನ್ನು ಹೊತ್ತು ತಂದ ಮನೆಗಳು ಬರಬರುತ್ತಾ ವೇದಿಕೆಯ ಕೆಳಗೆ ಸರಿದವು.

ರಾಜೀನಾಮೆ

1930ರ ಆರಂಭದಲ್ಲಿ ಎರಡನೆಯ ಮಸೂದೆ ಸದನಕ್ಕೆ ಬಂತು. ಈ ಬಾರಿ ನೇರವಾಗಿ ಅರ್ಪಣೆಯನ್ನೇ ಅಪರಾಧ ಮಾಡುವ ಪ್ರಸ್ತಾಪ. ಜಮೀನಿನ ಗಂಟು ಬಿಚ್ಚಿದ ಮೇಲೆ ಇದು ಸಹಜವಾದ ಮುಂದಿನ ಹೆಜ್ಜೆ. ಅಷ್ಟರಲ್ಲಿ ದೇಶ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದಿತ್ತು. ಮೇ 5ರಂದು ಗಾಂಧೀಜಿಯವರ ಬಂಧನವಾಯಿತು. ಅದನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿ ಸದಸ್ಯತ್ವಕ್ಕೂ ಉಪಾಧ್ಯಕ್ಷ ಪೀಠಕ್ಕೂ ರಾಜೀನಾಮೆ ಕೊಟ್ಟರು. ಮಸೂದೆ ಅನಾಥವಾಯಿತು.

ಈ ರಾಜೀನಾಮೆಯನ್ನು ಸರಳವಾದ ತ್ಯಾಗವೆಂದು ಓದಲು ನನಗೆ ಆಗುವುದಿಲ್ಲ. ಎರಡು ವರ್ಷ ಮೊದಲು ದೇಶವೆಲ್ಲ ಸೈಮನ್ ಆಯೋಗವನ್ನು ಬಹಿಷ್ಕರಿಸುತ್ತಿದ್ದಾಗ, ಅದೇ ಆಯೋಗಕ್ಕೆ ಸೇರಿದ ಹಾರ್ಟಾಗ್ ಶಿಕ್ಷಣ ಸಮಿತಿಯ ಸದಸ್ಯತ್ವವನ್ನು ಆಕೆ ಒಪ್ಪಿಕೊಂಡಿದ್ದರು. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡಲು ಸಿಕ್ಕ ಜಾಗ ಬಿಡಬಾರದು ಎಂಬ ಲೆಕ್ಕ. ಆಗ ಕೆಲಸಕ್ಕಾಗಿ ರಾಷ್ಟ್ರೀಯವಾದಿಗಳ ಸಿಟ್ಟು ಸಹಿಸಿದವರು ಈಗ ರಾಷ್ಟ್ರಕ್ಕಾಗಿ ಕೆಲಸವನ್ನೇ ಬಿಟ್ಟರು. ನಾಮಕರಣದ ಕುರ್ಚಿಯ ಇಕ್ಕಟ್ಟು ಇದೇ. ಚುನಾಯಿತ ಸದಸ್ಯ ರಾಜೀನಾಮೆ ಕೊಟ್ಟು ಮತ್ತೆ ಗೆದ್ದು ಬರಬಹುದು. ಸರ್ಕಾರ ಕೊಟ್ಟ ಕುರ್ಚಿಯನ್ನು ಸರ್ಕಾರದ ಮುಖದ ಮೇಲೆ ಎಸೆದವಳಿಗೆ ಮರಳುವ ದಾರಿಯಿಲ್ಲ. ಉಳಿದಿದ್ದರೆ ಗಾಂಧೀಜಿಯನ್ನು ಸೆರೆಗೆ ಹಾಕಿದವರ ಪರವಾಗಿ ಪೀಠದಲ್ಲಿ ಕುಳಿತಂತೆ. ಹೋದರೆ ಮಸೂದೆ ಸಾಯುತ್ತದೆ. ಸದನದಲ್ಲಿ ಅದನ್ನು ಎತ್ತಿಕೊಳ್ಳಲು ಇನ್ನೊಬ್ಬ ಹೆಂಗಸು ಇರಲಿಲ್ಲ. ಎತ್ತಿಕೊಂಡು ಗೆಲ್ಲಿಸುವ ಗಂಡಸೂ ಹೊರಬರಲಿಲ್ಲ. ಆ ಜಾಗದಲ್ಲಿ ನಾನಿದ್ದಿದ್ದರೆ ಉಳಿಯುತ್ತಿದ್ದೆ ಎಂದು ಹೇಳುವುದು ಈಗ ಸುಲಭ.

ಅರ್ಪಣೆ ನಿಷೇಧದ ಕಾಯ್ದೆ ಕೊನೆಗೆ ಬಂದದ್ದು 1947ರಲ್ಲಿ, ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ ಮುಖ್ಯಮಂತ್ರಿಯಾಗಿದ್ದಾಗ. ನಡುವೆ ಹದಿನೇಳು ವರ್ಷ ಹೋಗಿತ್ತು. ಅರ್ಪಿತಳಾದವಳ ಮದುವೆಯೂ ಕಾನೂನುಬದ್ಧವೇ ಎಂದು ಆ ಕಾಯ್ದೆ ಹೇಳಿತು; ಜೊತೆಗೆ ದೇವಸ್ಥಾನದಲ್ಲಿ, ಮೆರವಣಿಗೆಯಲ್ಲಿ ಕುಣಿಯುವುದನ್ನೂ ನಿಷೇಧಿಸಿತು. ಅಂದರೆ ಮುತ್ತುಲಕ್ಷ್ಮಿ ಮತ್ತು ಕೃಷ್ಣ ಅಯ್ಯರ್ ನಡುವಿನ ಜಗಳದಲ್ಲಿ ಶಾಸನ ವೈದ್ಯೆಯ ಕಡೆ ನಿಂತಿತು. ಬಳ್ಳಾರಿ, ದಕ್ಷಿಣ ಕನ್ನಡಗಳಿಗೂ ಅದು ಅನ್ವಯಿಸಿತು. ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಗೆ 1934ರ ಬೇರೆಯೇ ಕಾಯ್ದೆಯಿತ್ತು. ಇಡೀ ಕರ್ನಾಟಕಕ್ಕೆ ಒಂದೇ ಕಾಯ್ದೆ ಆದದ್ದು 1982ರಲ್ಲಿ.

ಕುರ್ಚಿ ಬಿಟ್ಟ ಮೇಲೆ

ಮುಂದಿನ ದಿನಗಳನ್ನು ಬೇಗ ಹೇಳಿ ಮುಗಿಸಬಹುದು. 1931ರಲ್ಲಿ ಮೂರು ದೊಡ್ಡ ಮಹಿಳಾ ಸಂಘಟನೆಗಳು ಸೇರಿ, ಹೆಂಗಸರಿಗೆ ಮೀಸಲು ಸ್ಥಾನವೂ ಬೇಡ, ನಾಮಕರಣವೂ ಬೇಡ, ವಯಸ್ಕರೆಲ್ಲರಿಗೂ ಮತ ಕೊಡಿ ಎಂದು ಬೇಡಿಕೆ ಇಟ್ಟಾಗ ಮುತ್ತುಲಕ್ಷ್ಮಿ ಅದರ ಪರವಾಗಿ ನಿಂತರು. ನಾಮಕರಣದಿಂದಲೇ ಸದನ ಕಂಡವರು ನಾಮಕರಣ ಬೇಡ ಎಂದದ್ದರಲ್ಲಿ ವಿರೋಧಾಭಾಸ ಹುಡುಕುವವರು ಹುಡುಕಲಿ. ಆ ಕುರ್ಚಿ ಎಷ್ಟು ದೂರ ಒಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ತಿಳಿದಿತ್ತು?

ಕ್ಯಾನ್ಸರಿನಿಂದ ತಂಗಿಯನ್ನು ಕಳೆದುಕೊಂಡಿದ್ದ ಅವರು ಅಡ್ಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಕಟ್ಟಲು ಪಟ್ಟುಹಿಡಿದರು. 1952ರ ಅಕ್ಟೋಬರ್‌ನಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು, 1954ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. 1956ರಲ್ಲಿ ಪದ್ಮಭೂಷಣ ಬಂತು. 1968ರ ಜುಲೈ 22ರಂದು ತೀರಿಕೊಂಡರು. ನಾಗರತ್ನಮ್ಮ 1952ರ ಮೇ ತಿಂಗಳಲ್ಲೇ ಹೋಗಿದ್ದರು. ತಮ್ಮ ಆಸ್ತಿಯನ್ನು ತ್ಯಾಗರಾಜರ ಸಮಾಧಿಗೆ ಬರೆಯುವಾಗ, ಅಲ್ಲಿ ಹೆಂಗಸರಿಗೂ, ದೇವದಾಸಿಯರಿಗೂ ಭೇದವಿಲ್ಲದೆ ಹಾಡಲು ಅವಕಾಶವಿರಬೇಕು ಎಂದು ಉಯಿಲಿನಲ್ಲಿ ಷರತ್ತು ಹಾಕಿದ್ದರು.

ಮುತ್ತುಲಕ್ಷ್ಮಿಯವರ ಕೆಲಸಗಳಲ್ಲಿ ಈ ಪ್ರಕರಣಕ್ಕೆ ತೀರ ಹತ್ತಿರದ್ದು ಇನ್ನೊಂದಿದೆ. ಶಾಸಕಿಯ ಪಟ್ಟ ಕಳಚಿದ ಸುಮಾರಿಗೆ ದೇವದಾಸಿ ಮನೆತನದ ಹುಡುಗಿಯರು ಅವರ ಮನೆಯ ಬಾಗಿಲಿಗೆ ಬಂದರು. ಅರ್ಪಣೆಗೆ ಒಪ್ಪದೆ ಮನೆ ಬಿಟ್ಟವರು. ನಗರದ ಹಾಸ್ಟೆಲುಗಳು ಜಾತಿ ಕೇಳಿ ಸೇರಿಸಿಕೊಂಡಿರಲಿಲ್ಲ. ಯಾವ ಕಲಮಿನಲ್ಲೂ ಆ ಹುಡುಗಿಯರು ರಾತ್ರಿ ಎಲ್ಲಿ ಮಲಗಬೇಕು ಎಂದು ಬರೆದಿರಲಿಲ್ಲ. ಮುತ್ತುಲಕ್ಷ್ಮಿ ಅವರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಅವ್ವೈ ಹೋಮ್ ಶುರುವಾದದ್ದು ಹಾಗೆ. ಜಾತಿ ಕೇಳದೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಓದಿಸುವ ಕೆಲಸ ಅಲ್ಲಿ ಮೊದಲಾಯಿತು. ನಮಗೆ ವಿದ್ಯೆ ಕೊಡಿ ಎಂದು ನಾಗರತ್ನಮ್ಮನವರ ಸಂಘ ಅರ್ಜಿಯಲ್ಲಿ ಬರೆದದ್ದೂ ಅದನ್ನೇ.